ಅವಳಿ ಕೂಸುಗಳ ಮೊದಲ ಹಾಲು

ಮಠದಲ್ಲಿರುವವರಿಗೆ ಬಾಣಂತಿಯ ಕೋಣೆಯ ವಿಚಾರವೇತಕ್ಕೆ ಎಂದು ಈ ಲೇಖನದ ತಲೆಬರಹವನ್ನು ಕಂಡೊಡನೆ ಕೆಲವು ವಾಚಕರಿಗೆ ಅನಿಸಬಹುದು. ಅನಿಸುವುದು ಸಹಜ. ಆದರೆ ಮಠಕ್ಕೆ ಬರುವ ಭಕ್ತರು ತಮ್ಮ ಮನೆಯ ಹುಟ್ಟು ಸಾವುಗಳೆರಡನ್ನೂ ಹೊತ್ತು ತರುತ್ತಾರೆ. ಮದುವೆಯ ಲಗ್ನಪತ್ರಿಕೆ, ಜಮೀನಿನ ವ್ಯಾಜ್ಯ, ಮಗನ ನೌಕರಿ, ಇವುಗಳ ನಡುವೆಯೇ ಕೂಸಿಗೆ ಲಿಂಗ ಕಟ್ಟಿ ಹರಸಬೇಕೆಂಬ ಬಿನ್ನಹವೂ ಬರುತ್ತದೆ. ಕೂಸು ಗರ್ಭದಲ್ಲಿ ಎಂಟು ತಿಂಗಳದ್ದಾಗಿರುವಾಗಲೇ ಲಿಂಗಸಂಸ್ಕಾರವನ್ನು ವಿಧಿಸಿದ ಧರ್ಮ ನಮ್ಮದು. ಅಂತಹ ಕೂಸು ಹೊರಬಂದ ಮೇಲೆ ಮೊದಲ ಮೂರು ದಿನ ಏನನ್ನು ಉಣ್ಣುತ್ತದೆ, ಅಥವಾ ಉಣ್ಣದೆ ಇರುತ್ತದೆ ಎಂಬುದು ಗುರುಗಳಿಗೆ ಸಂಬಂಧಪಡದ ವಿಷಯವೆಂದು ನಾವು ತಿಳಿದಿಲ್ಲ.

ಶ್ರೀಮಠದ ವಿದ್ಯಾರ್ಥಿನಿಲಯದಲ್ಲಿದ್ದು ಓದಿದ ಭಕ್ತರೊಬ್ಬರ ಮಗಳಿಗೆ 2018ರಲ್ಲಿ ಅವಳಿ ಮಕ್ಕಳಾದವು. ಮೂವತ್ತೈದು ವಾರ ತುಂಬಿದಾಗಲೇ ನೋವು ಕಾಣಿಸಿಕೊಂಡು, ಶಸ್ತ್ರಚಿಕಿತ್ಸೆಯಿಂದ ಹೆರಿಗೆಯಾಯಿತು. ಮೊದಲು ಬಂದ ಹೆಣ್ಣುಕೂಸಿನ ತೂಕ 2,150 ಗ್ರಾಂ, ಹಿಂದೆ ಬಂದ ಗಂಡುಕೂಸಿನದು 1,850. ಅವಳಿಗಳು ದಿನ ತುಂಬುವ ಮೊದಲೇ ಬರುವುದು ಅಪರೂಪವಲ್ಲ. ಅರ್ಧಕ್ಕಿಂತ ಹೆಚ್ಚು ಅವಳಿಗಳು ಮೂವತ್ತೇಳು ವಾರಗಳೊಳಗೇ ಹುಟ್ಟುತ್ತವೆ. ಎರಡೂವರೆ ಕಿಲೋಗ್ರಾಂಗಿಂತ ಕಡಿಮೆ ತೂಗುವ ಕೂಸನ್ನು ವೈದ್ಯರು ಕಡಿಮೆ ತೂಕದ ಕೂಸೆಂದು ಎಣಿಸುತ್ತಾರೆ. ಅಂದರೆ ಈ ಮನೆಗೆ ಬಂದ ಇಬ್ಬರು ಅತಿಥಿಗಳೂ ಎಚ್ಚರಿಕೆಯಿಂದ ನೋಡಿಕೊಳ್ಳಬೇಕಾದವರೇ. ಮೂರನೆಯ ದಿನ ಅಜ್ಜನಾದವರು ಬಂದು ನಮ್ಮನ್ನು ಕರೆದೊಯ್ದರು. ಕಾರಿನಲ್ಲಿ ಕುಳಿತ ಮೇಲೆ ಅವರು ಹೇಳಿದ ಮಾತು ಲಿಂಗಧಾರಣೆಯದಾಗಿರಲಿಲ್ಲ. “ಬುದ್ಧೀ, ಮಗಳಿಗೆ ಹಾಲು ಬಂದಿಲ್ಲ. ಒಂದಕ್ಕೇ ಇಲ್ಲ, ಎರಡಕ್ಕೆ ಎಲ್ಲಿಂದ ಬರಬೇಕು?” ಎಂದು ಕಣ್ಣೊರೆಸಿಕೊಂಡರು.

ಆ ಪ್ರಶ್ನೆಗೆ ಉತ್ತರ ಹೇಳಿದವರು ನಾವಲ್ಲ. ಅಲ್ಲಿಯ ಶಿಶುವೈದ್ಯರೂ ನಮ್ಮ ಮಠದಲ್ಲಿ ಉಂಡು ಓದಿದವರೇ. ಅವರಿಂದ ಕೇಳಿ ತಿಳಿದುದನ್ನೂ, ಆಮೇಲೆ ನಾವು ಓದಿಕೊಂಡುದನ್ನೂ ಇಲ್ಲಿ ಭಕ್ತರ ಮುಂದಿಡುತ್ತಿದ್ದೇವೆ.

ಮೊದಲು ನಮ್ಮ ಮನೆಗಳ ವಾಡಿಕೆಯನ್ನು ನೋಡೋಣ. ಕೂಸು ಹುಟ್ಟಿದೊಡನೆ ಅದರ ನಾಲಗೆಗೆ ಜೇನುತುಪ್ಪ ಸವರುವುದು, ಬೆಲ್ಲದ ನೀರನ್ನೋ ಸಕ್ಕರೆ ನೀರನ್ನೋ ಹಾಕುವುದು, ಹೊಟ್ಟೆ ಶುದ್ಧಿಯಾಗಲೆಂದು ಹರಳೆಣ್ಣೆ ಕುಡಿಸುವುದು, ತಾಯಿಯ ಎದೆಯಲ್ಲಿ ಮೊದಲು ಒಸರುವ ಹಳದಿ ಬಣ್ಣದ ಮಂದವಾದ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುವುದು, ಮೂರನೆಯ ದಿನವೋ ಐದನೆಯ ದಿನವೋ ಮೊಲೆಗೆ ಹಾಕುವುದು: ಇವು ಊರಿಂದೂರಿಗೆ ಸ್ವಲ್ಪ ಬದಲಾದರೂ ನಾಡಿನ ಬಹುಭಾಗದಲ್ಲಿ ಇದ್ದ, ಕೆಲವೆಡೆ ಇಂದಿಗೂ ಇರುವ ಪದ್ಧತಿಗಳು. ಇವಕ್ಕೆ ಶಾಸ್ತ್ರಾಧಾರವಿದೆಯೇ ಎಂದು ಕೇಳಿದರೆ, ಇದೆ. ಸುಶ್ರುತಸಂಹಿತೆಯ ಶಾರೀರಸ್ಥಾನದ ಹತ್ತನೆಯ ಅಧ್ಯಾಯದಲ್ಲಿ, ಹೆರಿಗೆಯಾದ ಮೂರು ಅಥವಾ ನಾಲ್ಕು ರಾತ್ರಿಗಳ ತರುವಾಯ ಸ್ತನ್ಯವು ಪ್ರವರ್ತಿಸುತ್ತದೆ, ಅಲ್ಲಿಯವರೆಗೆ ಔಷಧಿಯುಕ್ತವಾದ ಜೇನು ತುಪ್ಪಗಳನ್ನು ಕೊಡತಕ್ಕದ್ದು ಎಂಬ ಅಭಿಪ್ರಾಯವಿದೆ. ಆದರೆ ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯವನ್ನು ತೆರೆದವರಿಗೆ ಬೇರೊಂದು ಮಾತು ಕಾಣುತ್ತದೆ. ಅಲ್ಲಿಯೂ ಜೇನು ತುಪ್ಪಗಳ ಪ್ರಾಶನವಿದ್ದರೂ ಅದಾದೊಡನೆಯೇ ತಾಯಿಯ ಬಲಮೊಲೆಯನ್ನು ಕೂಸಿಗೆ ಕೊಡಬೇಕೆಂದಿದೆ. ಮೂರು ದಿನ ಕಾಯಬೇಕೆಂದಿಲ್ಲ. ಪ್ರಾಚೀನರಲ್ಲಿಯೇ ಎರಡು ಮತಗಳಿದ್ದವು ಎಂದಾಯಿತು. ನಮ್ಮ ಮನೆಗಳು ಒಂದನ್ನು ಹಿಡಿದು ಇನ್ನೊಂದನ್ನು ಮರೆತವು.

ಸುಶ್ರುತರು ಕಂಡುದು ಸುಳ್ಳಲ್ಲ. ಹಾಲು ತುಂಬಿ ಹರಿಯುವುದು ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೇ ಎಂದು ಇಂದಿನ ವೈದ್ಯರೂ ಹೇಳುತ್ತಾರೆ. ಮಾಸು ಹೊರಬಿದ್ದೊಡನೆ ತಾಯಿಯ ರಕ್ತದಲ್ಲಿದ್ದ ಪ್ರೊಜೆಸ್ಟರಾನ್ ಎಂಬ ರಸ ಇಳಿಯುತ್ತದೆ, ಪ್ರೊಲ್ಯಾಕ್ಟಿನ್ ಎಂಬ ಇನ್ನೊಂದು ರಸ ತನ್ನ ಕೆಲಸಕ್ಕೆ ತೊಡಗುತ್ತದೆ. ಹಾಲು ತುಂಬಲು ಎರಡು ಮೂರು ದಿನ ಬೇಕು. ಆದರೆ ಅದಕ್ಕೆ ಮುಂಚೆ ಎದೆ ಬರಿದಾಗಿರುತ್ತದೆಂಬ ನಿರ್ಣಯ ತಪ್ಪು. ಆ ಹಳದಿ ಹಾಲು ಗರ್ಭದ ದಿನಗಳಲ್ಲಿಯೇ ಸಿದ್ಧವಾಗಿರುತ್ತದೆ. ಪ್ರಮಾಣ ಕಡಿಮೆ: ಮೊದಲ ದಿನ ಒಂದು ಸಲಕ್ಕೆ 2ರಿಂದ 10 ಮಿಲಿಲೀಟರು, ಎರಡನೆಯ ದಿನ 5ರಿಂದ 15, ಮೂರನೆಯ ದಿನ 15ರಿಂದ 30. ಒಂದು ಚಮಚೆಯಷ್ಟು ಹಾಲನ್ನು ಕಂಡು ‘ಹಾಲಿಲ್ಲ’ ಎಂದು ಮನೆಮಂದಿ ಕಂಗೆಡುತ್ತಾರೆ. ಕೂಸಿನ ಹೊಟ್ಟೆಗೂ ಆ ದಿನ ಬೇಕಾದುದು ಅಷ್ಟೇ. ರೋಗವನ್ನು ತಡೆಯುವ ಅಂಶಗಳು ಆ ಹಾಲಿನಲ್ಲಿರುವಷ್ಟು ದಟ್ಟವಾಗಿ ಮುಂದಿನ ಹಾಲಿನಲ್ಲಿರುವುದಿಲ್ಲ. ಹಸು ಈದಾಗ ಗಿಣ್ಣುಹಾಲನ್ನು ಕರುವಿಗೆ ಮೊದಲು ಬಿಟ್ಟು, ಉಳಿದುದನ್ನು ಏಲಕ್ಕಿ ಬೆಲ್ಲ ಹಾಕಿ ಗಿಣ್ಣು ಮಾಡಿ ನೆರೆಮನೆಗೆ ಹಂಚುವ ನಾವು, ಮನೆಮಗಳ ಗಿಣ್ಣುಹಾಲನ್ನು ಬಚ್ಚಲಿಗೆ ಹಿಂಡಿಸುತ್ತಿದ್ದೆವು. ಇದೆಂತಹ ಲೆಕ್ಕವೋ!

ಇಲ್ಲಿ ಒಂದು ಮಾತನ್ನು ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳು ಲಿಂಗವಂತರಿಗೆ ಇಲ್ಲ. ಇದನ್ನು ವೇದಿಕೆಯ ಮೇಲೆ ನಿಂತು ಹೇಳುವಾಗ ನಮ್ಮ ಎದೆ ಉಬ್ಬುತ್ತದೆ. ಹೇಳಿ ಮನೆಗೆ ಹೋದರೆ ಅಲ್ಲಿ ಸೊಸೆಯೊಬ್ಬಳು ಹಿಂದಿನ ಕತ್ತಲೆಯ ಕೋಣೆಯಲ್ಲಿ ಪ್ರತ್ಯೇಕ ಚಾಪೆಯ ಮೇಲೆ ಮಲಗಿರುತ್ತಾಳೆ. ಅವಳ ಮೊದಲ ಹಾಲು ಮೈಲಿಗೆಯಾಗಿರುತ್ತದೆ. ಜನನಸೂತಕವನ್ನು ಬಾಯಲ್ಲಿ ಕಳೆದು ಬಾಣಂತಿಯ ಎದೆಯಲ್ಲಿ ಉಳಿಸಿಕೊಂಡರೆ ಕಳೆದಂತಾಯಿತೇ? ಬಾಣಂತಿಗೆ ವಿಶ್ರಾಂತಿ ಬೇಕು, ಬೆಚ್ಚಗಿನ ಜಾಗ ಬೇಕು, ಬಂದುಹೋಗುವವರ ಗದ್ದಲ ಬೇಡ, ಇವೆಲ್ಲ ಸರಿ. ಅವು ಆರೋಗ್ಯದ ವಿಷಯ. ಮೈಲಿಗೆಯ ಹೆಸರು ಅದಕ್ಕೆ ಬೇಕಿಲ್ಲ.

ಆಸ್ಪತ್ರೆಯಲ್ಲಿ ಹೆರಿಗೆಯಾದ ಮಾತ್ರಕ್ಕೆ ಇದು ಸರಿಹೋಗುತ್ತದೆಂದೂ ತಿಳಿಯಬಾರದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ನೂರಕ್ಕೆ 88ಕ್ಕಿಂತ ಹೆಚ್ಚು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆದರೂ, ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕಂಡ ಕೂಸುಗಳು ನೂರಕ್ಕೆ ಸುಮಾರು 42 ಮಾತ್ರ. ಶಸ್ತ್ರಚಿಕಿತ್ಸೆಯಾದ ತಾಯಿಗೆ, ಅದರಲ್ಲಿಯೂ ಅವಳಿಗಳ ತಾಯಿಗೆ, ಆ ಒಂದು ಗಂಟೆ ಕೈತಪ್ಪುವುದು ಇನ್ನೂ ಸುಲಭ. ನಮ್ಮ ಭಕ್ತರ ಮಗಳಿಗೆ ಆದುದೂ ಅದೇ. ಆದರೂ ಅದೇ ದಿನ ಸಂಜೆ ದಾದಿಯೊಬ್ಬರು ತಾಯಿಯ ಎದೆಯಿಂದ ಕೈಯಲ್ಲಿಯೇ ಹಿಂಡಿ, ತೊಟ್ಟು ತೊಟ್ಟಾಗಿ ಬಂದುದನ್ನು ಚಮಚೆಯಲ್ಲಿ ಹಿಡಿದು, ಎರಡೂ ಕೂಸುಗಳಿಗೆ ಹಂಚಿದ್ದರಂತೆ. ಆ ತಾಯಿಯ ಹೆಸರು ನಮಗೆ ತಿಳಿಯದು, ಅವರಿಗೆ ಶರಣು.

ಇನ್ನು ‘ಎರಡಕ್ಕೆ ಎಲ್ಲಿಂದ ಬರಬೇಕು’ ಎಂಬ ಪ್ರಶ್ನೆ. ತಾಯಿಯ ಎದೆ ತುಂಬಿಟ್ಟ ಕೊಡವೆಂದು ನಾವು ಭಾವಿಸುತ್ತೇವೆ. ಒಬ್ಬನು ಕುಡಿದರೆ ಇನ್ನೊಬ್ಬನಿಗೆ ಉಳಿಯದು ಎಂದು ಅಂಜುತ್ತೇವೆ. ಅದು ಒರತೆಯಂತೆ. ತೋಡಿದಷ್ಟೂ ಬರುತ್ತದೆ, ತೋಡದೆ ಬಿಟ್ಟರೆ ಬತ್ತುತ್ತದೆ. ಕೂಸು ಚೀಪುವಾಗ ತಾಯಿಯ ಮಿದುಳಿಗೆ ಸುದ್ದಿ ಮುಟ್ಟಿ ಪ್ರೊಲ್ಯಾಕ್ಟಿನ್ ಹೆಚ್ಚುತ್ತದೆ; ಬರಿದಾದ ಎದೆ ಬೇಗ ತುಂಬುತ್ತದೆ, ತುಂಬಿಯೇ ನಿಂತ ಎದೆ ನಿಧಾನಿಸುತ್ತದೆ. ಇಬ್ಬರು ಚೀಪಿದರೆ ಇಬ್ಬರಿಗೆ ಬೇಕಾದಷ್ಟು ಸಿದ್ಧವಾಗುವುದಕ್ಕೆ ಬಹುಪಾಲು ತಾಯಂದಿರ ಶರೀರದಲ್ಲಿ ಅಡ್ಡಿಯಿಲ್ಲ. ಇನ್ನೂ ಒಂದು ಸಂಗತಿಯನ್ನು ವೈದ್ಯರು ಹೇಳಿದಾಗ ನಾವು ಬಹಳ ಹೊತ್ತು ಅದನ್ನೇ ನೆನೆಯುತ್ತ ಕುಳಿತೆವು. ಕೂಸು ಒಂದು ಮೊಲೆಯನ್ನು ಚೀಪಿದಾಗ ಆಕ್ಸಿಟೋಸಿನ್ ಎಂಬ ರಸ ರಕ್ತದಲ್ಲಿ ಹರಿದು, ಎರಡು ಮೊಲೆಗಳಲ್ಲಿಯೂ ಏಕಕಾಲಕ್ಕೆ ಹಾಲು ಇಳಿಯುತ್ತದೆ. ಗಟ್ಟಿಮುಟ್ಟಾದ ಕೂಸನ್ನು ಒಂದು ಕಡೆಗೂ, ಬಲವಿಲ್ಲದ ಕೂಸನ್ನು ಇನ್ನೊಂದು ಕಡೆಗೂ ಒಟ್ಟಿಗೆ ಹಾಕಿದರೆ, ಅಕ್ಕನು ಚೀಪಿದ ಫಲವಾಗಿ ತಮ್ಮನ ಬಾಯಿಗೆ ಹಾಲು ತಾನಾಗಿ ಬೀಳುತ್ತದೆ. ದಾಸೋಹವೆಂಬುದನ್ನು ನಾವು ಪಂಕ್ತಿಯಲ್ಲಿ ಕುಳಿತು ಕಲಿತೆವು. ಆ ಮೂರು ದಿನದ ಹೆಣ್ಣುಮಗು ತೊಟ್ಟಿಲಲ್ಲಿಯೇ ನಡೆಸುತ್ತಿತ್ತು.

ಒಟ್ಟಿಗೆ ಹಾಕುವುದರಲ್ಲಿ ಕಾಲದ ಉಳಿತಾಯವೂ ಉಂಟು. ನವಜಾತ ಕೂಸಿಗೆ ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಬೇಕು. ಇಬ್ಬರಿಗೆ ಬೇರೆ ಬೇರೆಯಾಗಿ ಕೊಟ್ಟರೆ ಹದಿನಾರರಿಂದ ಇಪ್ಪತ್ತನಾಲ್ಕು ಸಲ. ಹೊಟ್ಟೆಯ ಮೇಲೆ ಹೊಲಿಗೆಯಿರುವ ಹೆಣ್ಣುಮಗಳು ಇಷ್ಟು ಸಲ ಏಳಬೇಕು, ಕೂರಬೇಕು, ಎತ್ತಬೇಕು ಎಂದರೆ ಅವಳಿಗೆ ನಿದ್ರೆಯೆಲ್ಲಿ? ಬೆನ್ನಿಗೊಂದು, ಮಗ್ಗುಲಿಗೆರಡು ದಿಂಬುಗಳನ್ನಿಟ್ಟು, ಕೂಸುಗಳ ಕಾಲು ತಾಯಿಯ ಬೆನ್ನಿನತ್ತ ಬರುವಂತೆ ಎರಡು ಕಂಕುಳಿನಡಿಯಲ್ಲಿ ಒಂದೊಂದನ್ನು ಮಲಗಿಸಿ, ತಲೆಗಳನ್ನು ಅಂಗೈಯಲ್ಲಿ ಹಿಡಿಯುವ ಕ್ರಮವೊಂದಿದೆ. ಹೊಲಿಗೆಯ ಮೇಲೆ ಭಾರ ಬೀಳುವುದಿಲ್ಲ. ಮೊದಮೊದಲು ಇನ್ನೊಬ್ಬರ ಕೈ ಬೇಕು. ಒಂದೊಂದೇ ಕೂಸಿಗೆ ಕೊಟ್ಟು ಹಿಡಿಯುವುದನ್ನು ಕಲಿಸಿದ ಮೇಲೆ ಜೋಡಿಸುವುದು ಕೆಲವರಿಗೆ ಸುಲಭ. ಬಲ ಇವಳಿಗೆ, ಎಡ ಅವನಿಗೆ ಎಂದು ಖಾಯಂ ಹಂಚದೆ ಅದಲುಬದಲು ಮಾಡುವುದು ಮೇಲು. ಜೋರಾಗಿ ಚೀಪುವ ಕೂಸಿನ ಲಾಭ ಎರಡು ಕಡೆಗೂ ಸಿಗುತ್ತದೆ.

ನಮ್ಮ ಗಂಡುಕೂಸಿನ ತೊಂದರೆ ಬೇರೆಯಾಗಿತ್ತು. ಅದು ಅಳುತ್ತಿರಲಿಲ್ಲ. ಎದೆಗೆ ಹಾಕಿದರೆ ನಾಲ್ಕು ಸಲ ಚೀಪಿ ನಿದ್ರೆಹೋಗುತ್ತಿತ್ತು. “ಬುದ್ಧೀ, ಗಂಡು ಬಲು ಸಾಧು, ಹೆಣ್ಣೇ ಗಲಾಟೆ” ಎಂದು ಅಜ್ಜಿ ಮೆಚ್ಚುಗೆಯಿಂದ ಹೇಳಿದರು. ವೈದ್ಯರು ಆ ಸಾಧುತ್ವಕ್ಕೇ ಹೆದರಿದ್ದರು. ದಿನ ತುಂಬದೆ ಬಂದ ಕೂಸು ಹಸಿದರೂ ಅಳದೆ ಮಲಗಿಬಿಡಬಹುದು. ಅಷ್ಟರಲ್ಲಿ ರಕ್ತದ ಸಕ್ಕರೆ ಇಳಿಯುತ್ತದೆ, ಮೈ ತಣ್ಣಗಾಗುತ್ತದೆ. ಆದುದರಿಂದ ಅಳುವನ್ನು ಕಾಯದೆ ಎರಡು ಮೂರು ಗಂಟೆಗೊಮ್ಮೆ ಎಬ್ಬಿಸಿ, ಎದೆಗೆ ಹಾಕಿ, ಅದು ಸಾಲದೆ ಬಂದರೆ ಹಿಂಡಿಟ್ಟ ತಾಯಿಯ ಹಾಲನ್ನೇ ಒಳಲೆಯಿಂದ ಕುಡಿಸಬೇಕೆಂದು ಅವರು ಕಟ್ಟುನಿಟ್ಟು ಮಾಡಿದ್ದರು. ಮೂವತ್ತನಾಲ್ಕು ವಾರಕ್ಕಿಂತ ಮೊದಲೇ ಬಂದ ಕೂಸುಗಳಲ್ಲಿ ಚೀಪುವುದು, ನುಂಗುವುದು, ಉಸಿರಾಡುವುದು ಇವು ಮೂರೂ ಒಂದಕ್ಕೊಂದು ಹೊಂದಿಕೊಂಡಿರುವುದಿಲ್ಲವಾದ್ದರಿಂದ ಅವಕ್ಕೆ ಒಳಲೆಯೋ ಮೂಗಿನ ಅಥವಾ ಬಾಯಿಯ ಮೂಲಕ ಇಳಿಸುವ ಸಣ್ಣ ನಳಿಗೆಯೋ ಬೇಕಾಗುತ್ತದೆ.

ಒಳಲೆಯೆಂದರೆ ಏನೆಂದು ಇಂದಿನ ಮಕ್ಕಳು ಕೇಳಬಹುದು. ದೋಣಿಯಂತೆ ಮೂತಿಯಿರುವ ಪುಟ್ಟ ಬಟ್ಟಲು. ಹಿಂದೆ ತೊಟ್ಟಿಲಿರುವ ಮನೆಯಲ್ಲೆಲ್ಲ ಒಳಲೆಯೂ ಇರುತ್ತಿತ್ತು. ಬಾಟಲಿಯ ಮೊಲೆತೊಟ್ಟು ಬಂದಾಗ ಇದನ್ನು ಹಳ್ಳಿಯ ವಸ್ತುವೆಂದು ಅಟ್ಟಕ್ಕೆ ಹಾಕಿದೆವು. ಈಗ ದೊಡ್ಡ ಆಸ್ಪತ್ರೆಗಳ ನವಜಾತ ವಿಭಾಗಗಳಲ್ಲಿ ಪಾಲಾಡೈ ಎಂಬ ತಮಿಳು ಹೆಸರಿನಿಂದ ಅದೇ ಪಾತ್ರೆ ಮರಳಿ ಬಂದಿದೆ. ಬಾಟಲಿಯನ್ನು ತೊಳೆದು ಶುದ್ಧಮಾಡುವುದು ಕಷ್ಟ, ಒಳಲೆಯನ್ನು ಕುದಿಯುವ ನೀರಿನಲ್ಲಿ ಹಾಕಿ ತೆಗೆಯುವುದು ಸುಲಭ. ಆ ಅಜ್ಜಿ ತಮ್ಮ ತವರಿನ ಬೆಳ್ಳಿಯ ಒಳಲೆಯನ್ನು ತರಿಸಿದಾಗ ವೈದ್ಯರು ಅದನ್ನು ಕೈಯಲ್ಲಿ ಹಿಡಿದು ನೋಡಿ, ಕುದಿಸಿ ಬಳಸಿ ಎಂದು ಒಪ್ಪಿಗೆ ಕೊಟ್ಟರು. ಅಂದಿನಿಂದ ಗಂಡುಕೂಸಿನ ಹಾಲಿನ ಅಧಿಕಾರ ಅಜ್ಜಿಯದಾಯಿತು. ಹರಳೆಣ್ಣೆಯ ಸೀಸೆಯನ್ನು ಅವರೇ ಚೀಲಕ್ಕೆ ಹಾಕಿ ಮನೆಗೆ ಕಳುಹಿಸಿದರು.

ಹಾಲು ಸಾಕಾಗಿದೆಯೇ ಎಂಬುದನ್ನು ತಾಯಿಯ ಎದೆಯನ್ನು ನೋಡಿ ತಿಳಿಯಲಾಗದು, ಕೂಸಿನ ಬಟ್ಟೆಯನ್ನು ನೋಡಿ ತಿಳಿಯಬೇಕು. ಮೊದಲ ದಿನ ಒಂದು ಸಲ, ಎರಡನೆಯ ದಿನ ಎರಡು ಸಲ ಬಟ್ಟೆ ಒದ್ದೆಯಾದರೂ ಸಾಕು. ಐದು ದಿನ ಕಳೆದ ಮೇಲೆ ಆರು ಸಲಕ್ಕೆ ಕಡಿಮೆಯಾಗಬಾರದು. ಕಪ್ಪಾಗಿದ್ದ ಮಲ ನಾಲ್ಕೈದನೆಯ ದಿನಕ್ಕೆ ಹಳದಿಗೆ ತಿರುಗಬೇಕು. ತೂಕ ಮೊದಲ ದಿನಗಳಲ್ಲಿ ಸ್ವಲ್ಪ ಇಳಿಯುವುದು ಸ್ವಾಭಾವಿಕ. ನೂರಕ್ಕೆ ಹತ್ತರ ಹತ್ತಿರ ಬಂದರೆ ವೈದ್ಯರು ಎಚ್ಚರಗೊಳ್ಳುತ್ತಾರೆ. ನಾವು ಹೋದ ದಿನ ಗಂಡುಕೂಸು 1,720 ಗ್ರಾಂಗೆ ಇಳಿದಿತ್ತು. ಎರಡೂ ಕೂಸುಗಳ ಲೆಕ್ಕ ಬೆರೆಯದಂತೆ ಅಜ್ಜ ಒಂದು ನೋಟುಪುಸ್ತಕದಲ್ಲಿ ಎರಡು ಅಂಕಣ ಎಳೆದು, ಅಂಗಡಿಯ ಲೆಕ್ಕ ಬರೆಯುವಂತೆ ಹೊತ್ತು ಗಳಿಗೆ ಸಹಿತ ಬರೆಯುತ್ತಿದ್ದರು. ಅವಳಿಗಳ ಮನೆಯಲ್ಲಿ ಈ ಪುಸ್ತಕ ಅತ್ಯಗತ್ಯ. ನಿದ್ರೆಗೆಟ್ಟವರಿಗೆ ಯಾರಿಗೆ ಕೊಟ್ಟೆವು, ಯಾರಿಗೆ ಬಿಟ್ಟೆವು ಎಂಬುದು ನೆನಪಿರುವುದಿಲ್ಲ.

ಈಗ ಧರ್ಮದ ಎರಡು ಪ್ರಶ್ನೆಗಳು. ಆ ಮಗಳು ಸಂಕೋಚದಿಂದ ತನ್ನ ತಾಯಿಯ ಮೂಲಕ ಕೇಳಿಸಿದ್ದು ಇದು: ಎದೆಯ ಮೇಲಿನ ಕರಡಿಗೆ ಕೂಸುಗಳಿಗೆ ಒತ್ತುತ್ತದೆ, ತೆಗೆದಿಡಲು ಮನಸ್ಸು ಬಾರದು, ಏನು ಮಾಡಬೇಕು? ಎಂಟನೆಯ ತಿಂಗಳಲ್ಲಿ ಎರಡು ಕೂಸುಗಳೆಂದು ತಿಳಿದಿದ್ದರಿಂದ ಎರಡು ಗರ್ಭಲಿಂಗಗಳನ್ನು ಕಟ್ಟಿದ್ದೆವು. ತನ್ನದೂ ಸೇರಿ ಮೂರು ಆಕೆಯ ಎದೆಯ ಮೇಲಿದ್ದವು. ಸಿದ್ಧಾಂತಶಿಖಾಮಣಿಯು ಲಿಂಗಧಾರಣೆಗೆ ಎದೆಯೊಂದನ್ನೇ ಹೇಳಿಲ್ಲ. ಶಿರಸ್ಸು, ಕಂಠ, ಕಕ್ಷ, ವಕ್ಷಸ್ಥಲ, ಕುಕ್ಷಿ, ಹಸ್ತ ಎಂದು ಹೇಳಿ, ನಾಭಿಯ ಕೆಳಗೆ ಕೂಡದೆಂದಿದೆ. ಆದುದರಿಂದ ಶಿವದಾರವನ್ನು ಗಿಡ್ಡಮಾಡಿ ಕಂಠದ ಬಳಿ ನಿಲ್ಲುವಂತೆ ಧರಿಸಲು ತಿಳಿಸಿದೆವು. ಕೂಸುಗಳ ಲಿಂಗಗಳನ್ನು ಅವುಗಳ ಮೈಗೆ ಸೋಂಕಿಸಿ, ಮನೆಯ ಜಗಲಿಯ ಮೇಲೆ ಇರಿಸುವಂತೆ ಅಜ್ಜನ ಕೈಗೆ ಕೊಟ್ಟೆವು. ಕೂಸಿನ ಕೊರಳಿಗೆ ದಾರ ಕಟ್ಟಿ ಮಲಗಿಸುವುದು ಅಪಾಯ. ಯಾವ ಊರಿನ ಮಠದಯ್ಯನವರೂ ಅದನ್ನು ಒತ್ತಾಯಿಸಬಾರದೆಂದು ನಮ್ಮ ಕೋರಿಕೆ.

ಎರಡನೆಯದು ಪಾದೋದಕದ ಪ್ರಶ್ನೆ. ಲಿಂಗಧಾರಣೆಯ ಹೊತ್ತಿನಲ್ಲಿ ಕೂಸಿನ ಬಾಯಿಗೆ ಕರುಣೋದಕವನ್ನು ಬಿಡುವುದು ರೂಢಿ. ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲಲ್ಲದೆ ನೀರೂ ಬೇಡವೆಂಬುದು ವೈದ್ಯರ ಮಾತು; ಜೇನುತುಪ್ಪವಂತೂ ಒಂದು ವರ್ಷದವರೆಗೆ ಕೂಡದು, ಅದರಲ್ಲಿರಬಹುದಾದ ಒಂದು ಬಗೆಯ ರೋಗಾಣು ಎಳೆಯ ಕರುಳಿನಲ್ಲಿ ವಿಷವನ್ನು ಹುಟ್ಟಿಸುತ್ತದೆ. ಹಿರಿಯರಾದ ಭಕ್ತರೊಬ್ಬರು, ಅಷ್ಟಾವರಣದಲ್ಲಿ ಒಂದನ್ನು ಬಿಟ್ಟರೆ ಸಂಸ್ಕಾರ ಪೂರ್ಣವಾಗುವುದೇ ಎಂದು ನಮ್ಮನ್ನು ನೇರವಾಗಿ ಕೇಳಿದರು. ಬಿಡುವುದಿಲ್ಲ ಎಂದೆವು. ಪಾದೋದಕ ಪ್ರಸಾದಗಳನ್ನು ತಾಯಿ ಸ್ವೀಕರಿಸಲಿ. ಆಕೆಯ ಮೈಯಲ್ಲಿ ರಕ್ತವಾಗಿ, ಹಾಲಾಗಿ ಅದು ಕೂಸಿಗೆ ಸಲ್ಲುತ್ತದೆ. ಹೊಕ್ಕುಳಬಳ್ಳಿಯಿಂದ ಸಂದುದನ್ನು ಒಪ್ಪುವವರು ಹಾಲಿನಿಂದ ಸಲ್ಲುವುದನ್ನು ಏಕೆ ಒಪ್ಪಬಾರದು? ಅವರು ಪೂರ್ತಿ ಸಮಾಧಾನಗೊಂಡಂತೆ ಕಾಣಲಿಲ್ಲ. ಆದರೂ ಅಂದಿನಿಂದ ಶ್ರೀಮಠದಲ್ಲಿ ಇದೇ ಕ್ರಮ ನಡೆದಿದೆ. ಕೂಸಿಗೆ ಭಸ್ಮಧಾರಣೆ ಹಣೆಗೆ ಮಾತ್ರ, ಅದೂ ಕೈತೊಳೆದ ಬಳಿಕ, ಬೆರಳ ತುದಿಯಷ್ಟು.

ಶಿವನಿಗೆ ತಾಯಿಯಿಲ್ಲವೆಂದು ಮರುಗಿ ತಾನೇ ತಾಯಿಯಾಗಿ ನಿಂತ ಬೆಜ್ಜಮಹಾದೇವಿಯ ಕಥೆ ನಮ್ಮ ವಾಚಕರಿಗೆ ಹೊಸದಲ್ಲ. ಆ ಶರಣೆಗೆ ಪೂಜೆಯೆಂದರೆ ಕೂಸನ್ನು ಸಲಹುವುದೇ ಆಗಿತ್ತು. ಇದಕ್ಕಿಂತ ಹೆಚ್ಚಿನ ಪ್ರಮಾಣವನ್ನು ಹುಡುಕಬೇಕೆಂದು ನಮಗೆ ತೋರಲಿಲ್ಲ.

ಡಬ್ಬಿಯ ಹಾಲಿನ ಪುಡಿಯ ವಿಷಯವನ್ನೂ ಹೇಳಬೇಕು. ಹೆರಿಗೆಯಾದ ಮರುದಿನವೇ ಯಾರೋ ಸಿಬ್ಬಂದಿ ಆ ಮನೆಯವರ ಕೈಗೆ ಒಂದು ಡಬ್ಬಿಯ ಹೆಸರು ಬರೆದ ಚೀಟಿಯನ್ನಿತ್ತಿದ್ದರು; ಅವಳಿಗೆ ಇದಿಲ್ಲದೆ ಆಗದು ಎಂದಿದ್ದರಂತೆ. ಇಂತಹ ಪುಡಿಗಳ ಜಾಹೀರಾತನ್ನೂ, ಉಚಿತ ಮಾದರಿ ಹಂಚುವುದನ್ನೂ ನಿಷೇಧಿಸಿ ನಮ್ಮ ದೇಶದಲ್ಲಿ 1992ರಲ್ಲಿಯೇ ಕಾಯಿದೆಯಾಯಿತು, 2003ರಲ್ಲಿ ಅದು ಇನ್ನಷ್ಟು ಬಿಗಿಯಾಯಿತು. ಮೊದಲ ದಿನಗಳಲ್ಲಿ ಡಬ್ಬಿಯ ಹಾಲಿನಿಂದ ಹೊಟ್ಟೆ ತುಂಬಿದ ಕೂಸು ಎದೆಯನ್ನು ಚೀಪುವುದಿಲ್ಲ. ಚೀಪದಿದ್ದರೆ ಹಾಲು ಹೆಚ್ಚುವುದಿಲ್ಲ. ಆಮೇಲೆ ‘ನೋಡಿ, ಹಾಲಿಲ್ಲ’ ಎಂಬ ಮಾತು ನಿಜವೇ ಆಗಿಬಿಡುತ್ತದೆ. ಹಾಗೆಂದು ಎದೆಹಾಲನ್ನು ಹೊಸದೊಂದು ಮಡಿಯನ್ನಾಗಿ ಮಾಡುವುದು ನಮಗೆ ಸಮ್ಮತವಲ್ಲ. ಸಕ್ಕರೆ ಇಳಿದಾಗ, ತಾಯಿಗೆ ತೀವ್ರ ಕಾಯಿಲೆಯಾದಾಗ, ಎಷ್ಟು ಪ್ರಯತ್ನಿಸಿದರೂ ಎರಡಕ್ಕೂ ಸಾಲದಾದಾಗ ವೈದ್ಯರು ಬೇರೆ ಹಾಲನ್ನು ಬರೆದುಕೊಡುತ್ತಾರೆ. ಅದನ್ನು ಕೊಟ್ಟ ತಾಯಿಯನ್ನು ಕೊರಗುವಂತೆ ಮಾಡುವ ನೆಂಟರಿಷ್ಟರು ಬಾಗಿಲಾಚೆ ಇರುವುದು ಲೇಸು.

ಬೇರೊಬ್ಬ ತಾಯಿಯ ಹಾಲೂ ಒಂದು ದಾರಿ. ಚರಕರು ಹಾಲೂಡಿಸುವ ದಾದಿ ಸಮಾನವರ್ಣದವಳಾಗಿರಬೇಕೆಂದು ವಿಧಿಸಿದ್ದಾರೆ. ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಅವರು 1989ರಲ್ಲಿ ಎದೆಹಾಲಿನ ಬ್ಯಾಂಕನ್ನು ಸ್ಥಾಪಿಸಿದರು. ಏಷ್ಯಾದಲ್ಲಿಯೇ ಅದು ಮೊದಲನೆಯದು. ಅಲ್ಲಿ ತಾಯಂದಿರು ದಾನವಿತ್ತ ಹಾಲನ್ನು ಕಾಯಿಸಿ ಶುದ್ಧಗೊಳಿಸಿ, ಪರೀಕ್ಷಿಸಿ, ಬಳಲಿದ ಕೂಸುಗಳಿಗೆ ಕೊಡುತ್ತಾರೆ. ಪರೀಕ್ಷೆ ರೋಗಾಣುಗಳದು. ಕೊಟ್ಟವಳ ಜಾತಿಯನ್ನು ಆ ಸೀಸೆಯ ಮೇಲೆ ಬರೆಯುವುದಿಲ್ಲ.

ಕೂಸನ್ನು ಬಟ್ಟೆಯಿಲ್ಲದೆ ತಾಯಿಯ ಎದೆಗೆ ಅವಚಿಟ್ಟು, ಮೇಲೆ ಹೊದಿಸಿ ಬೆಚ್ಚಗಿಡುವ ಕ್ರಮವನ್ನೂ ಆ ವೈದ್ಯರು ಮಾಡಿಸಿದರು. ಕೊಲಂಬಿಯಾದ ಬೊಗೋಟಾ ನಗರದಲ್ಲಿ ಡಾ. ಎಡ್ಗರ್ ರೇ ಎಂಬವರು ಶಾಖಪೆಟ್ಟಿಗೆಗಳ ಕೊರತೆಯಿಂದಾಗಿ 1978ರ ಸುಮಾರಿಗೆ ಇದನ್ನು ಆರಂಭಿಸಿದರಂತೆ. ಇದರಿಂದ ಮೈಬಿಸಿ ಉಳಿಯುತ್ತದೆ, ಹಾಲೂ ಹೆಚ್ಚುತ್ತದೆ. ಎರಡು ಕೂಸುಗಳಿದ್ದಲ್ಲಿ ಒಂದು ತಾಯಿಯ ಎದೆಯ ಮೇಲೆ, ಇನ್ನೊಂದು ತಂದೆಯ ಎದೆಯ ಮೇಲೆ. ಆ ತಂದೆ ನಮ್ಮನ್ನು ಕಂಡು ಅಂಗಿಯಿಲ್ಲದೆ ಎದ್ದು ನಿಲ್ಲಲಾರದೆ ಒದ್ದಾಡಿದರು. ಏಳಬೇಡಿ, ಕುಳಿತೇ ಇರಿ ಎಂದೆವು.

ಬಾಣಂತಿಯ ಊಟದ ಬಗೆಗೆ ಒಂದೇ ಮಾತು. ಮೆಂತ್ಯ, ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ಇವುಗಳನ್ನು ಮನೆಯವರು ಪ್ರೀತಿಯಿಂದ ಮಾಡಿಕೊಟ್ಟರೆ ಉಣ್ಣಲಿ. ಆದರೆ ನೀರು ಕುಡಿದರೆ ಹೊಟ್ಟೆ ಬರುತ್ತದೆಂದು ಬಾಯಾರಿದವಳಿಗೆ ಗುಟುಕಿನ ಲೆಕ್ಕದಲ್ಲಿ ನೀರು ಕೊಡುವುದು, ಅನ್ನವನ್ನು ಹಿಡಿ ಲೆಕ್ಕದಲ್ಲಿ ಬಡಿಸುವುದು ನಿಲ್ಲಬೇಕು. ಒಂದು ಕೂಸಿಗೆ ಹಾಲೂಡಿಸುವವಳಿಗೇ ದಿನಕ್ಕೆ ಸುಮಾರು 600 ಕ್ಯಾಲೊರಿಯಷ್ಟು ಹೆಚ್ಚಿನ ಆಹಾರ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳಿದೆ. ಎರಡಾದರೆ ಇನ್ನೂ ಹೆಚ್ಚು.

ನಾಲ್ಕನೆಯ ರಾತ್ರಿ ಆ ಮಗಳಿಗೆ ಹಾಲು ತುಂಬಿ ಬಂತೆಂದು ಮರುದಿನ ದೂರವಾಣಿಯಲ್ಲಿ ತಿಳಿಸಿದರು. ಹದಿನಾಲ್ಕನೆಯ ದಿನ ಗಂಡುಕೂಸು 1,870 ಗ್ರಾಂ ತೂಗಿತು. ತೊಟ್ಟಿಲಿಗೆ ಹಾಕುವ ದಿನ ಹೊಸ ವಿವಾದವೊಂದು ಎದ್ದಿತ್ತು: ಇಬ್ಬರಲ್ಲಿ ಹಿರಿಯರಾರು? ಆಸ್ಪತ್ರೆಯ ಕಾಗದದಲ್ಲಿ ಹೆಣ್ಣು ಮೊದಲು. ಗರ್ಭದಲ್ಲಿ ಒಳಗಿದ್ದುದೇ ಮೊದಲು ನಿಂತದ್ದು, ಆದುದರಿಂದ ಹಿಂದೆ ಬಂದವನೇ ಅಣ್ಣ ಎಂದು ಅಜ್ಜಿಯ ವಾದ. ನಮ್ಮ ತೀರ್ಪನ್ನು ಕೇಳಿದರು. ಆಗ ಎರಡೂ ಕೂಸುಗಳು ಒಟ್ಟಿಗೆ ಅತ್ತವು. ಮಗಳು ದಿಂಬುಗಳನ್ನು ತೆಗೆದುಕೊಂಡು ಒಳಗೆ ಹೋದರು, ವಿವಾದ ಹಾಗೆಯೇ ಉಳಿಯಿತು.